ಸಾಹೇಬರ ಖಾತೆ, ನಮ್ಮ ಫಲಕ



ಕಂಪನಿ ಬಾಸುಗಳು ಸೋಶಿಯಲ್ ಮೀಡಿಯಾದಲ್ಲಿ ಬರೆಯೋದು ಅವರ ಸ್ವಂತ ಮಾತಾ, ಕಂಪನಿ ಮಾತಾ? ದುಡ್ಡಿನ ವಿಷಯದಲ್ಲಿ ಇದಕ್ಕೆ ಉತ್ತರ ಯಾವಾಗಲೋ ಸಿಕ್ಕಿದೆ. 2018ರ ಆಗಸ್ಟ್‌ನಲ್ಲಿ ಇಲಾನ್ ಮಸ್ಕ್, ಟೆಸ್ಲಾ ಕಂಪನಿಯನ್ನ ಶೇರುಪೇಟೆಯಿಂದ ಹೊರಗೆ ತರೋಕೆ ಹಣ ಹೊಂದಿಸಿಯಾಗಿದೆ ಅಂತ ಒಂದು ಟ್ವೀಟ್ ಹಾಕಿದ. ಅಮೆರಿಕದ ಶೇರುಪೇಟೆ ನಿಯಂತ್ರಕರು ಸುಮ್ಮನೆ ಬಿಡಲಿಲ್ಲ. ಮಸ್ಕ್‌ಗೆ 2 ಕೋಟಿ ಡಾಲರ್ ದಂಡ, ಕಂಪನಿಗೂ 2 ಕೋಟಿ ಡಾಲರ್ ದಂಡ.

ಅದೇ ವರ್ಷ ನವೆಂಬರ್‌ನಲ್ಲಿ ಟ್ವಿಟರ್ ಸಿಇಒ ಜಾಕ್ ಡಾರ್ಸಿ ದೆಹಲಿಗೆ ಬಂದಿದ್ದ. ಪತ್ರಕರ್ತೆಯರು, ಹೋರಾಟಗಾರ್ತಿಯರ ಜೊತೆ ಒಂದು ಸಭೆ ಆಯ್ತು. ನಮ್ಮ ದಲಿತ ಹೆಣ್ಣುಮಗಳೊಬ್ಬಳು ಟ್ವಿಟರ್‌ನಲ್ಲಿ ನಡೆಯುವ ಜಾತಿ ನಿಂದನೆ ಬಗ್ಗೆ ಅಲ್ಲಿ ಮಾತಾಡಿ ಒಂದು ಪೋಸ್ಟರ್ ಕೊಟ್ಟಳು. ಬ್ರಾಹ್ಮಣಶಾಹಿ ಪಿತೃಪ್ರಭುತ್ವವನ್ನು ಒಡೆದುಹಾಕಿ ಅನ್ನೋದು ಅದರ ಅರ್ಥ. ಡಾರ್ಸಿ ಅದನ್ನ ಹಿಡಿದು ನಿಂತ ಫೋಟೋ ಹೊರಗೆ ಬಂತು ನೋಡಿ, ದೇಶವೇ ಹೊತ್ತಿಕೊಂಡ ಹಾಗೆ ಗದ್ದಲ!

ಇದು ಟ್ವಿಟರ್‌ದೂ ಅಲ್ಲ, ನಮ್ಮ ಸಿಇಒ ಹೇಳಿಕೆಯೂ ಅಲ್ಲ ಅಂದಿತು ಕಂಪನಿ. ಅದರ ಕಾನೂನು ವಿಭಾಗದ ಮುಖ್ಯಸ್ಥೆ ವಿಜಯಾ ಗದ್ದೆ ಕ್ಷಮೆ ಕೇಳಿದರು. ಜೋಧಪುರದ ಕೋರ್ಟಿಗೆ ದೂರೂ ಹೋಯ್ತು.

ಬ್ರಾಹ್ಮಣರನ್ನ ಹೊಡೀರಿ ಅಂತ ಆ ಪೋಸ್ಟರ್‌ನಲ್ಲಿ ಎಲ್ಲಿತ್ತು ಸ್ವಾಮಿ? 1938ರಲ್ಲಿ ಮನ್ಮಾಡಿನಲ್ಲಿ ದಲಿತ ರೈಲ್ವೆ ಕಾರ್ಮಿಕರ ಮುಂದೆ ಬಾಬಾಸಾಹೇಬರು ಇದನ್ನೇ ಬಿಡಿಸಿ ಹೇಳಿದ್ದರು. ಬ್ರಾಹ್ಮಣಶಾಹಿ ಅಂದ್ರೆ ಬ್ರಾಹ್ಮಣರ ಸಮುದಾಯ ಅಲ್ಲ, ಸ್ವಾತಂತ್ರ್ಯ, ಸಮಾನತೆ, ಸೋದರತೆಯನ್ನ ನಿರಾಕರಿಸೋ ಬುದ್ಧಿ, ಅದು ಎಲ್ಲ ಜಾತಿಯವರಲ್ಲೂ ಇರುತ್ತೆ ಅಂತ. ಕಾರ್ಮಿಕರಿಗೆ ಇಬ್ಬರು ಶತ್ರುಗಳು, ಇನ್ನೊಬ್ಬ ಬಂಡವಾಳಶಾಹಿ ಅಂತಲೂ ಅಂದಿದ್ದರು. ಎರಡೂ ಒಂದೇ ಫೋಟೋದಲ್ಲಿ ಸಿಕ್ಕಿಬಿದ್ದಿದ್ದು ಮಾತ್ರ 80 ವರ್ಷದ ಮೇಲೆ.

ಫೋಟೋ ಗಲಾಟೆಯಲ್ಲಿ ಆ ಹೆಣ್ಣುಮಗಳು ಸಭೆಯಲ್ಲಿ ಹೇಳಿದ ವಿಷಯ ಎಷ್ಟು ಜನ ಕೇಳಿಸಿಕೊಂಡ್ರು? ನನಗೆ ಹೊಟ್ಟೆ ಉರಿಯೋದು ಇಲ್ಲೇ.

ನಾನೊಬ್ಬ ಗುಮಾಸ್ತ. ಹಿಂದೆ ಕೆಲಸ ಮಾಡಿದ ಒಂದು ಆಫೀಸಲ್ಲಿ ಏಪ್ರಿಲ್ 14ಕ್ಕೆ ಸಾಹೇಬರು ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಲಿಂಕ್ಡ್‌ಇನ್‌ಗೆ ಹಾಕ್ತಿದ್ದರು. ಹಾರ ತರೋನು ನಾನೇ. ಕೆಳಗೆ ಲೈಕೋ ಲೈಕು. ನಾವು ಏನಾದ್ರೂ ಬರೆದ್ರೆ ಮಾತ್ರ ಸಂಸ್ಥೆಯ ಹೆಸರಿಗೆ ಧಕ್ಕೆ ತರಬೇಡಿ ಅಂತ ಸರ್ಕ್ಯುಲರ್. ಅವರ ಖಾತೆ ಅವರ ಸ್ವಂತದ್ದು, ನಮ್ಮ ಖಾತೆ ಆಫೀಸಿನದ್ದು!

ಬರೋ ಏಪ್ರಿಲ್‌ನಲ್ಲಿ ನಿಮ್ಮ ಕಂಪನಿ ಬಾಸ್ ಅಂಥ ಫೋಟೋ ಹಾಕಿದ್ರೆ ಕೆಳಗೆ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿ: ಸಾರ್, ಜಾತಿ ಕಿರುಕುಳ ಆದ್ರೆ ನಮ್ಮಲ್ಲಿ ದೂರು ಯಾರಿಗೆ ಕೊಡಬೇಕು? ಕೆಲಸಕ್ಕೆ ತೊಂದರೆ ಆಗುತ್ತೆ ಅನ್ನೋರು ಕೇಳೋದು ಬೇಡ, ನನಗೆ ಲಿಂಕ್ ಕಳಿಸಿ, ಹೊರಗಿನವನಾಗಿ ನಾನೇ ಕೇಳ್ತೀನಿ. ಉತ್ತರ ಬಂದ್ರೂ ಸರಿ, ಕಮೆಂಟು ಅಳಿಸಿದ್ರೂ ಸರಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳೋಣ.