ಕವಲೇದುರ್ಗದಲ್ಲಿ ಅಜ್ಜಿಯ ಗುರುತು

ತೀರ್ಥಹಳ್ಳಿಯಿಂದ ಕವಲೇದುರ್ಗಕ್ಕೆ ಹೋಗುವಾಗ ದಾರಿಯಲ್ಲಿ ಮೊಮ್ಮಗನ ಫೋನಿನ ಸಿಗ್ನಲ್ ಹೋಯಿತು. ಪರದೆಯ ಮೇಲಿನ ನಕ್ಷೆ ಖಾಲಿ ಹಾಳೆಯಾಯಿತು. ನಾನು ಚೀಲದಿಂದ ನನ್ನ ಹಳೆಯ ಫೋನು ತೆಗೆದೆ.

“ಅಜ್ಜ, ಅದರಲ್ಲಿ ಸಿಮ್ಮೇ ಇಲ್ಲವಲ್ಲ!”

ಸಿಮ್ ಬೇಕಿರಲಿಲ್ಲ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಫೋನು ತಾನೇ ಹಿಡಿಯುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಸಾಕು, ನಾವಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಇಂಟರ್ನೆಟ್ ಬೇಕಾಗುವುದು ನಕ್ಷೆ ತರಿಸಲು. ಆ ಹಳೆಯ ಆ್ಯಪಿನಲ್ಲಿ ನಕ್ಷೆಯನ್ನು ವರ್ಷಗಳ ಹಿಂದೆಯೇ ತುಂಬಿಸಿಟ್ಟಿದ್ದೆ. ತುಸು ಹೊತ್ತಿನಲ್ಲಿ ನೀಲಿ ಚುಕ್ಕಿ ಮೂಡಿತು. ಹೊಸದಾಗಿ ಆದ ಒಂದು ರಸ್ತೆ ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ಅಲ್ಲಿ ಇಳಿದು ತೋಟದವರೊಬ್ಬರನ್ನು ಕೇಳಿದೆವು.

ಗದ್ದೆ ಬದಿಯಿಂದ ಕಲ್ಲು ಹಾಸಿದ ದಾರಿ ಹತ್ತಿದೆವು. ಇದು ಕೆಳದಿ ನಾಯಕರ ಕೋಟೆ. ಹಳೆಯ ಹೆಸರು ಭುವನಗಿರಿ. ಬಾಗಿಲುಗಳನ್ನು ದಾಟಿ ಕಾಶಿ ವಿಶ್ವನಾಥ ದೇವಸ್ಥಾನದ ಹತ್ತಿರ ಬಂದಾಗ ಚುಕ್ಕಿ ಒಂದು ಕೆಂಪು ಗುರುತಿನ ಮೇಲೆ ನಿಂತಿತು. ‘ಬುತ್ತಿ ಬಿಚ್ಚಿದ ಜಾಗ’ ಎಂದಿತ್ತು. ಬರೆದವಳು ಅವನ ಅಜ್ಜಿ. ಈಗ ಅವಳಿಲ್ಲ.

“ಇದನ್ನು ನಿಮ್ಮ ಹೊಸ ಫೋನಿಗೆ ಹಾಕಬಹುದಲ್ಲ?”

ಪ್ರಯತ್ನಿಸಿದ್ದೆ. ಹೊಸ ಫೋನು ಆ ಆ್ಯಪನ್ನು ಒಳಗೇ ಬಿಡಲಿಲ್ಲ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದೀಚೆಗೆ, ಬಹಳ ಹಳೆಯ ಆವೃತ್ತಿಗಳಿಗಾಗಿ ಮಾಡಿದ ಆ್ಯಪ್‌ಗಳನ್ನು ಸುರಕ್ಷತೆಯ ಕಾರಣಕ್ಕೆ ಫೋನೇ ತಡೆಯುತ್ತದೆ. ಕೆಲವು ಹೊಸ ಫೋನುಗಳಲ್ಲಿ 32 ಬಿಟ್ ಆ್ಯಪ್‌ಗಳು ಓಡುವುದೇ ಇಲ್ಲ. ಹಳೆಯ ಫೋನಿನ ಬ್ಯಾಟರಿಯೋ, ಗಂಟೆಗೊಮ್ಮೆ ಸಾಯುತ್ತದೆ. ಅದು ಪೂರ್ತಿ ನಿಂತ ದಿನ ಗುರುತೂ ಹೋಗುತ್ತದೆಂಬ ಚಿಂತೆ ನನಗಿತ್ತು.

ಮೊಮ್ಮಗ ಗುರುತನ್ನು ಒತ್ತಿದ. ಕೆಳಗೆ ಎರಡು ಸಂಖ್ಯೆಗಳು ಕಂಡವು. “ಅಜ್ಜ, ಇದು ಅಕ್ಷಾಂಶ, ರೇಖಾಂಶ! ಸಮಾಜದ ಪಾಠದಲ್ಲಿದೆ. ಇದನ್ನು ಬರೆದುಕೊಂಡರೆ ಆಯಿತಲ್ಲ?”

ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ! ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರ್. ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರಿನೊಳಗೆ ಜಾಗ ಸಿಗುತ್ತದೆ. ಆ್ಯಪ್ ಹಳತಾಗಬಹುದು, ಈ ಸಂಖ್ಯೆಗಳು ಹಳತಾಗುವುದಿಲ್ಲ. ಡೈರಿಯಲ್ಲಿ ಬರೆದುಕೊಂಡೆವು.

ರಾತ್ರಿ ತೀರ್ಥಹಳ್ಳಿಯಲ್ಲಿ ಹೊಸ ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ, ಈ ಭಾಗದ ನಕ್ಷೆ ಇಳಿಸಿಕೊಂಡೆವು. ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆಯೇ ಎಂದು ಫ್ಲೈಟ್ ಮೋಡ್ ಹಾಕಿ ನೋಡಿದೆವು. ಹೊರಡುವ ಮೊದಲೇ ಮನೆಯಲ್ಲಿ ಮಾಡಬೇಕಿದ್ದ ಕೆಲಸ ಇದು. ಮೊಮ್ಮಗ ಸಂಖ್ಯೆಗಳನ್ನು ಒತ್ತಿದ. ದೇವಸ್ಥಾನದ ಪಕ್ಕದಲ್ಲೇ ಗುರುತು ಬಿತ್ತು.

ಹೆಸರು ಕೇಳಿತು. ಅವನು ನನ್ನನ್ನು ಕೇಳದೆಯೇ ಬರೆದ: ‘ಅಜ್ಜಿ ಬುತ್ತಿ ಬಿಚ್ಚಿದ ಜಾಗ’.