ಕ್ಷೌರದ ಕತ್ತಿಗೊಂದು ಜೊತೆ

ಮಡಿಸುವ ಕ್ಷೌರದ ಕತ್ತಿ ಒಂಟಿಯಾಗಿ ಬಾಳುವ ಜೀವವಲ್ಲ. ಕೊಂಡು ತಂದ ಮೇಲೆ ಅದಕ್ಕೊಂದು ಜೊತೆ ಹುಡುಕಲೇಬೇಕು. ದಿನವೂ ಅದರ ಮೈ ಸವರಿ ಕಳಿಸುವ ತೊಗಲಿನ ಪಟ್ಟಿಯೊಂದು ಬೇಕು. ನಾನು ಅದನ್ನು ಮಸೆದೊಗಲು ಎಂದು ಕರೆದುಕೊಂಡಿದ್ದೇನೆ. ನಿಜಕ್ಕೂ ಮಸೆಯುವುದು ಕಲ್ಲಿನ ಕೆಲಸ. ಕಲ್ಲು ಉಕ್ಕನ್ನು ತಿನ್ನುತ್ತದೆ, ತೊಗಲು ಹೆಚ್ಚುಕಡಿಮೆ ತಿನ್ನುವುದೇ ಇಲ್ಲ. ಒಂದು ಕ್ಷೌರ ಮುಗಿಯುವಷ್ಟರಲ್ಲಿ ಅಲಗಿನ ಬಾಯಿ ಕಣ್ಣಿಗೆ ಕಾಣದಷ್ಟು ಆಚೀಚೆ ವಾಲಿರುತ್ತದೆ, ನೀರಿನ ಪಸೆಗೆ ತುಕ್ಕಿನ ಮೊದಲ ಉಸಿರು ತಾಗಿರುತ್ತದೆ. ತೊಗಲು ಅದನ್ನು ಒರೆಸುತ್ತದೆ, ನೆಟ್ಟಗೆ ಮಾಡುತ್ತದೆ, ಸಮಾಧಾನಪಡಿಸುತ್ತದೆ. ಎಲ್ಲವೂ ಹಿಮ್ಮುಖವಾಗಿ: ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ತುದಿ ಮುಟ್ಟಿದಾಗ ಕತ್ತಿ ಬೆನ್ನಿನ ಮೇಲೆ ಹೊರಳಬೇಕು. ಬಾಯಿಯ ಮೇಲೆ ಹೊರಳಿತೋ, ತೊಗಲಿಗೆ ಗಾಯ.

ಚನ್ನರಾಯಪಟ್ಟಣದ ಕಟಿಂಗ್ ಶಾಪುಗಳಲ್ಲಿ ಈಗ ಈ ಪಟ್ಟಿ ಕಣ್ಣಿಗೆ ಬೀಳುವುದು ಅಪರೂಪ. ಏಡ್ಸ್ ಭಯ ಹಬ್ಬಿದ ಮೇಲೆ ಎಲ್ಲ ಕಡೆಯಂತೆ ಇಲ್ಲಿಯೂ ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ, ಕೆಲಸ ಮುಗಿದೊಡನೆ ಎಸೆಯುವ ಪದ್ಧತಿ ಬಂತು. ಒಳ್ಳೆಯದೇ ಆಯಿತು. ಆದರೆ ಆ ಸದ್ದು ಹೋಯಿತು. ಹಡಪ ಬಿಚ್ಚಿ ಜಗಲಿಯ ಮೇಲೋ ಮರದ ಬುಡದಲ್ಲೋ ಕೂರುತ್ತಿದ್ದವರಿಗೆ ಪಟ್ಟಿ ತೂಗುಹಾಕಲು ಗೋಡೆಯ ಮೊಳೆಯೂ ಇರುತ್ತಿರಲಿಲ್ಲ. ಕಲ್ಲಿನ ಮೇಲೆ ನಾಲ್ಕು ಸಲ ಎಳೆದು, ಆಮೇಲೆ ತಮ್ಮ ಅಂಗೈಯ ಮೇಲೆಯೇ ಸವರುತ್ತಿದ್ದರು. ಚಟ್, ಚಟ್, ಹಿಂದೆ, ಮುಂದೆ. ನಮ್ಮ ಕಡೆ ಮದುವೆಗೆ ವಾಲಗ ಊದುವುದೂ ಡೋಲು ಬಾರಿಸುವುದೂ ಬಹುಪಾಲು ಸವಿತಾ ಸಮಾಜದವರೇ. ತಾಳ ಬಲ್ಲ ಕೈಗೆ ಕತ್ತಿಯ ಸದ್ದಿನಲ್ಲೇ ಅದರ ಹದ ತಿಳಿಯುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಳ್ಳೆಯ ಪಟ್ಟಿಯನ್ನು ಆರಿಸುವುದೂ ಅರ್ಧ ಕಿವಿಯ ಕೆಲಸವೇ.

ಇನ್ನರ್ಧ ಬೆರಳಿನದು. ಕುದುರೆಯ ಹಿಂಭಾಗದಿಂದ ಬರುವ ತೊಗಲು ಗಾಜಿನಷ್ಟು ನುಣುಪು, ಅದರ ಮೇಲೆ ಕತ್ತಿ ಹೋದದ್ದೇ ಗೊತ್ತಾಗದು. ಎಮ್ಮೆಯದು ದಪ್ಪ, ಕತ್ತಿಯನ್ನು ಹಿಡಿದು ಹಿಡಿದು ಬಿಡುತ್ತದೆ. ಹಸುವಿನದು ಎರಡರ ನಡುವೆ. ಮೊದಲ ಸಲದವರಿಗೆ ಈ ಹಿಡಿತ ಬೇಕು, ಕತ್ತಿ ತಪ್ಪು ಕೋನಕ್ಕೆ ಎದ್ದರೆ ಕೈಗೆ ಕೂಡಲೇ ಸುದ್ದಿ ಮುಟ್ಟುತ್ತದೆ. ಹದಮಾಡಿದ ರೀತಿಯನ್ನೂ ಮೂಸಿ ನೋಡಬೇಕು. ತೊಗಟೆಯಲ್ಲಿ ಹದವಾದ ತೊಗಲಿಗೆ ಕಾಡಿನ ವಾಸನೆ. ನಮ್ಮ ಒಣಭೂಮಿಯ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಇದೆಯಲ್ಲ, ಅದರ ತೊಗಟೆಯಲ್ಲಿ ನೆನೆಸಿ, ಅಳಲೆಕಾಯಿಯಲ್ಲಿ ಮುಗಿಸಿದ ದಕ್ಷಿಣದ ಚರ್ಮಗಳೇ ಹಿಂದೆ ಹಡಗು ಹತ್ತಿ, ಈಸ್ಟ್ ಇಂಡಿಯಾ ತೊಗಲು ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದವು. ಬದುವಿನ ತಂಗಡಿ ಕಂಡಾಗಲೆಲ್ಲ ನನಗೆ ಶೆಫೀಲ್ಡಿನ ಯಾವುದೋ ಕತ್ತಿ ನೆನಪಾಗುತ್ತದೆ.

ಅಗಲ? ಅಲಗಿನ ಉದ್ದ ಸುಮಾರು 3 ಇಂಚು. ಪಟ್ಟಿಯೂ 3 ಇಂಚಿದ್ದರೆ ನೇರವಾಗಿ ಎಳೆದರೆ ಸಾಕು. 2 ಇಂಚಿನದಾದರೆ ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಜಾರಿಸಬೇಕು. ನನ್ನ ಒಲವು ಕಿರಿದರ ಕಡೆಗೆ. ಕೊಂಚ ಬಾಗಿದ ಅಲಗಿಗೂ ಆ ಓರೆ ನಡೆಯಲ್ಲಿ ಪೂರ್ತಿ ಸ್ಪರ್ಶ ಸಿಗುತ್ತದೆ, ನೋಡಲಿಕ್ಕೂ ಅದೇ ಚೆಂದ.

ಇಷ್ಟು ಹೇಳಿದರೂ ತೊಗಲಿನ ಮಾತು ನನಗೆ ಇಲ್ಲಿ ಪೂರ್ತಿ ಒಗ್ಗುವುದಿಲ್ಲ. ಕಾರಣ ಪಕ್ಕದಲ್ಲೇ ಬೆಟ್ಟದ ಮೇಲೆ ನಿಂತಿದೆ. ಶ್ರವಣಬೆಳಗೊಳ ಇದೇ ತಾಲ್ಲೂಕಿನದು. ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ನಿಲ್ಲಿಸಿದ, 58 ಅಡಿಗಳ ಗೊಮ್ಮಟನ ಕೆಳಗೆ ದಿಗಂಬರ ಮುನಿಗಳು ಇಂದಿಗೂ ಕತ್ತಿ ಮುಟ್ಟದೆ, ತಲೆ ಗಡ್ಡಗಳ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಕೇಶಲೋಚ. ಕತ್ತಿಯೂ ಬೇಡ, ತೊಗಲೂ ಬೇಡ, ಕನ್ನಡಿಯೂ ಬೇಡ. ಗೊಮ್ಮಟನ ತಲೆಯ ಮೇಲೆ ಮಾತ್ರ ಶಿಲ್ಪಿ ಗುಂಗುರು ಕೂದಲನ್ನು ಸುರುಳಿ ಸುರುಳಿಯಾಗಿ ಬಿಟ್ಟಿದ್ದಾನೆ. ಕೆನ್ನೆಯೋ, ಮುಟ್ಟಿದರೆ ಬೆರಳು ಜಾರೀತು ಎನ್ನುವಷ್ಟು ನಯ. ಉಳಿಯಿಂದ ಬಂದ ನಯ ಅದು. ಆ ಕೆನ್ನೆಯನ್ನು ದೂರದಿಂದ ನೋಡುತ್ತ, ಪ್ರಾಣಿಯ ಚರ್ಮವಿಲ್ಲದೆ ಕತ್ತಿಗೊಂದು ಜೊತೆ ಸಿಕ್ಕೀತೇ ಎಂದು ಯೋಚಿಸುವುದು ನನಗೆ ಬಹಳ ಪ್ರಿಯವಾದ ಕೆಲಸ.

ಸಿಕ್ಕುತ್ತದೆ, ಬೇಲಿಯಲ್ಲೇ. ಕತ್ತಾಳೆ! ಮೆಕ್ಸಿಕೋ ಕಡೆಯಿಂದ ಬಂದು ನಮ್ಮ ಹೊಲದಂಚುಗಳಲ್ಲಿ ಮುಳ್ಳು ಚಾಚಿ ಕೂತಿರುವ ಈ ಗಿಡ ವರ್ಷಗಟ್ಟಲೆ ಸುಮ್ಮನಿದ್ದು, ಬದುಕಿನಲ್ಲಿ ಒಂದೇ ಸಲ ಮನೆಯೆತ್ತರಕ್ಕೆ ಹೂದಂಟು ಎತ್ತಿ, ಹೂಬಿಟ್ಟು ಸಾಯುತ್ತದೆ. ದಂಟು ನಿಂತಲ್ಲೇ ಒಣಗುತ್ತದೆ. ಆ ಒಣದಂಟಿನೊಳಗಿನ ತಿರುಳನ್ನು ಕ್ಷೌರದ ಕತ್ತಿ ಸವರಲು ಬಳಸುವ ರೂಢಿ ಹಳೆಯದು. ಹಗುರ, ಒತ್ತಿದರೆ ಮೆತ್ತಗೆ, ಆದರೆ ಕುಸಿಯದು. ಯಾರನ್ನೂ ಕೊಲ್ಲಬೇಕಿಲ್ಲ, ಗಿಡ ತನ್ನ ಕೆಲಸ ಮುಗಿಸಿಯೇ ಹೋಗಿದೆ.

ಕತ್ತಿಯ ಮೊದಲ ಜೊತೆಯಾಗಿ ಇದನ್ನೇ ಆರಿಸಬೇಕೆನ್ನಲು ಇನ್ನೊಂದು ಕಾರಣವೂ ಇದೆ. ತೂಗುವ ಪಟ್ಟಿಯನ್ನು ಹೊಸ ಕೈ ಬಿಗಿಯಾಗಿ ಎಳೆದು ಹಿಡಿಯದು. ಪಟ್ಟಿ ಜೋಲಿದರೆ ಅಲಗಿನ ಬಾಯಿ ಅದರ ಬಾಗಿಗೆ ಸಿಕ್ಕಿ ಮೊಂಡಾಗುತ್ತದೆ. ಹಲಗೆಗೆ ಅಂಟಿಸಿದ ಕತ್ತಾಳೆ ಜೋಲುವುದಿಲ್ಲ. ಕತ್ತಿ ಎಡವಿ ಗಾಯ ಮಾಡಿದರೂ ಉಪ್ಪುಕಾಗದದಿಂದ ಒಂದು ಪದರ ಉಜ್ಜಿದರೆ ಮತ್ತೆ ಹೊಸದು. ಕತ್ತಾಳೆಯ ಮೇಲೆ ಸವರುವ ಮೊದಲು ಕತ್ತಿಯನ್ನು ಹಳೆಯ ದಪ್ಪ ಹತ್ತಿಬಟ್ಟೆಯ ಮೇಲೆ ನಾಲ್ಕಾರು ಸಲ ಎಳೆದರೆ ಸಾಬೂನಿನ ಅಂಟೂ ಪಸೆಯೂ ಹೋಗುತ್ತದೆ.

ಹೊಲದವರನ್ನು ಒಂದು ಮಾತು ಕೇಳಿ, ಪೂರ್ತಿ ಒಣಗಿದ ದಂಟನ್ನೇ ತರಬೇಕು. ಹಸಿಯದರ ರಸ ಚರ್ಮಕ್ಕೆ ತುರಿ. ಉದ್ದಕ್ಕೆ ಸೀಳಿ, ಮೇಲಿನ ಗಟ್ಟಿ ಸಿಪ್ಪೆಯನ್ನು ಹಲಗೆಯ ಕಡೆಗೆ ಇಟ್ಟು ಅಂಟಿಸಿ, ತಿರುಳನ್ನು ಸಮ ಮಾಡಿದರಾಯಿತು. ಕತ್ತಿ ನಾರಿನ ಜಾಡಿನಲ್ಲೇ ನಡೆಯಲಿ, ಭಾರ ಹಾಕುವುದು ಬೇಡ, ಅದರ ತೂಕವೇ ಸಾಕು. ಎಮ್ಮೆಯದೋ ಹಸುವಿನದೋ ಎಂಬ ಚರ್ಚೆಯನ್ನು, ಕೈ ಪಳಗಿದ ಮೇಲೆ, ಬಿಡುವಾದ ಇನ್ನೊಂದು ಮಧ್ಯಾಹ್ನಕ್ಕೆ ಇಟ್ಟುಕೊಳ್ಳೋಣ.