ಲೋಡು ಕೊಡುವವರನ್ನು ನಂಬುವ ಮುನ್ನ

ಲಾರಿ ಓಡಿಸುವವರ ಮನೆಯ ಸಹೋದರಿಯರೇ, ನಿಮಗೊಂದು ಪ್ರಶ್ನೆ. ನಿಮ್ಮ ಮನೆಯವರಿಗೆ ಲೋಡು ಕೊಡುವವರು ಯಾರೆಂದು ನಿಮಗೆ ಗೊತ್ತೇ? ಡೀಸೆಲ್‌ಗೆ ಎಷ್ಟು ಬೇಕು, ಹೊಸ ಟೈರಿಗೆ ಎಷ್ಟಾಗುತ್ತದೆ, ಸಾಲದ ಕಂತು ಯಾವ ತಾರೀಖಿಗೆ ಕಟ್ಟಬೇಕು ಎಂಬುದೆಲ್ಲ ನಮಗೆ ಬಾಯಿಪಾಠವಾಗಿರುತ್ತದೆ. ಆದರೆ ಈ ಎಲ್ಲ ಖರ್ಚಿಗೆ ಹಣ ಬರಬೇಕಾದ ಬುಕಿಂಗ್ ಆಫೀಸಿನ ಹೆಸರು ಮಾತ್ರ ನಮಗೆ ತಿಳಿದಿರುವುದಿಲ್ಲ. ಅದು ಗಂಡಸರ ವಿಷಯವೆಂದು ಸುಮ್ಮನಿದ್ದುಬಿಡುತ್ತೇವೆ. ಲಾರಿ ಸರಿಯಾಗಿ ಓಡಿದರೂ ಮನೆಗೆ ಹಣ ಬರದಿದ್ದಾಗ ಮೊದಲು ಬಿಸಿ ತಟ್ಟುವುದು ನಮ್ಮ ಒಲೆಗೇ.

ನಾನು ಕೋಲಾರ ತಾಲೂಕಿನ ಕ್ಯಾಲನೂರಿನವಳು. ನಮ್ಮ ಮನೆಯ ಅನ್ನ ಒಂದು ಲಾರಿಯಿಂದ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಲೋಡಿಗೆ ಕೊರತೆಯಿಲ್ಲ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ಕಡೆ ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಯಿದೆ. ಶ್ರೀನಿವಾಸಪುರದಲ್ಲಿ ಮಾವು, ಮಾಲೂರಿನಲ್ಲಿ ಹೆಂಚು ಮತ್ತು ಇಟ್ಟಿಗೆ, ನರಸಾಪುರದಲ್ಲಿ ಕಾರ್ಖಾನೆಗಳ ಸರಕು. ಟೊಮೆಟೊ ಹದಿನೈದು ಕಿಲೋ ಬಾಕ್ಸುಗಳಲ್ಲಿ ದೆಹಲಿ, ರಾಜಸ್ಥಾನ, ಬಂಗಾಳದವರೆಗೂ ಹೋಗುತ್ತದೆ.

ಆದರೆ ಸರಕಿನ ಮಾಲೀಕ ನೇರವಾಗಿ ಲಾರಿಯವನನ್ನು ಹುಡುಕುವುದು ಕಡಿಮೆ. ನಡುವೆ ಬುಕಿಂಗ್ ಆಫೀಸು ಅಥವಾ ಬ್ರೋಕರ್ ಇರುತ್ತಾನೆ. ಅವನು ಲೋಡು ಗೊತ್ತುಮಾಡಿಕೊಟ್ಟು ತನ್ನ ಕಮಿಷನ್ ಹಿಡಿದುಕೊಳ್ಳುತ್ತಾನೆ. ಬಾಡಿಗೆಯ ಹೆಚ್ಚು ಪಾಲನ್ನು ಲೋಡಿನ ಹೊತ್ತಿಗೆ ಅಡ್ವಾನ್ಸ್ ಎಂದು ಕೊಡುತ್ತಾನೆ. ಉಳಿದದ್ದನ್ನು ಸರಕು ಇಳಿಸಿ, ಸಹಿ ಮೊಹರು ಬಿದ್ದ ರಶೀದಿ ವಾಪಸು ಬಂದ ಮೇಲೆ ಕೊಡುತ್ತಾನೆ. ಅಡ್ವಾನ್ಸ್ ಡೀಸೆಲ್‌ಗೆ, ಟೋಲ್‌ಗೆ, ದಾರಿ ಖರ್ಚಿಗೆ ಕರಗಿಹೋಗುತ್ತದೆ. ಮನೆಗೆಂದು ಉಳಿಯುವುದು ಆ ಬಾಕಿ ಹಣವೇ. ಆದ್ದರಿಂದ ಒಂದು ಆಫೀಸು ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಅದು ಎಷ್ಟು ಲೋಡು ಕೊಡುತ್ತದೆಂದು ನೋಡಬಾರದು, ಬಾಕಿಯನ್ನು ಹೇಗೆ ಕೊಡುತ್ತದೆಂದು ನೋಡಬೇಕು.

ಕೋಲಾರದಲ್ಲಿ ನಮಗೆ ಪರಿಚಯದವರಿದ್ದಾರೆ. ಕಷ್ಟ ಬರುವುದು ರಿಟರ್ನ್ ಲೋಡಿನಲ್ಲಿ. ಗುರುತಿಲ್ಲದ ಊರಿನಲ್ಲಿ ಲಾರಿ ಖಾಲಿ ನಿಂತಿರುತ್ತದೆ. ಖಾಲಿ ಬಂದರೆ ಡೀಸೆಲ್ ನಷ್ಟ, ನಿಂತರೆ ದಿನ ನಷ್ಟ. ಆಗ ಯಾರು ಕರೆದರೂ ಹೋಗಬೇಕೆನಿಸುತ್ತದೆ. ಒಮ್ಮೆ ನಮ್ಮ ಮನೆಯವರು ಟೊಮೆಟೊ ಇಳಿಸಿ ಬರುವಾಗ ಉತ್ತರದ ಒಂದು ಊರಿನ ಆಫೀಸಿನಿಂದ ಬಿಡಿಭಾಗಗಳ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದರು. ಹೊಸಕೋಟೆಯ ಗೋದಾಮಿನಲ್ಲಿ ಎಲ್ಲ ಪೆಟ್ಟಿಗೆ ಎಣಿಸಿ ಇಳಿಸಿಕೊಂಡು ಮೊಹರು ಹಾಕಿದರು. ಬಾಕಿ ಇಪ್ಪತ್ತೆರಡು ಸಾವಿರ ರೂಪಾಯಿ. ಎರಡು ವಾರದಲ್ಲಿ ಕೊಡುತ್ತೇವೆಂದವರು ಮೊದಲು ರಶೀದಿ ತಲುಪಿಲ್ಲವೆಂದರು. ಆಮೇಲೆ ಪಾರ್ಟಿಯಿಂದ ಹಣ ಬಂದಿಲ್ಲವೆಂದರು. ಕೊನೆಗೆ ಫೋನ್ ತೆಗೆಯುವುದನ್ನೇ ಬಿಟ್ಟರು. ಅದು ಮಕ್ಕಳ ಶಾಲೆ ಶುರುವಾಗುವ ತಿಂಗಳು. ಲಾರಿಯ ಕಂತಿಗಾಗಿ ನನ್ನ ಬಳೆ ಅಡವಿಗೆ ಹೋಯಿತು.

ನಮ್ಮನ್ನು ಕಾಪಾಡಿದ್ದು ಮೊಹರು ಬಿದ್ದ ರಶೀದಿಯ ಫೋಟೋ. ಅದರಲ್ಲಿ ಸರಕು ಕಳಿಸಿದ ಕಂಪನಿಯ ಹೆಸರು, ಫೋನ್ ನಂಬರ್ ಇತ್ತು. ನಾನೇ ಫೋನ್ ಮಾಡಿದೆ. ಆ ಬಾಡಿಗೆಯನ್ನು ಆಫೀಸಿಗೆ ಯಾವಾಗಲೋ ಪೂರ್ತಿ ಕೊಟ್ಟಾಗಿದೆ ಎಂದರು. ಲಾರಿಯವರ ಹಣ ಕೊಡುವವರೆಗೆ ಆ ಆಫೀಸಿಗೆ ಮುಂದಿನ ಲೋಡು ಕೊಡುವುದಿಲ್ಲವೆಂದೂ ಹೇಳಿದರು. ಮೂರು ತಿಂಗಳ ಮೇಲೆ ಹಣ ಎರಡು ಕಂತಿನಲ್ಲಿ ಬಂತು. ಬಳೆಯೂ ಬಿಡಿಸಿಕೊಂಡೆವು, ಆದರೆ ಅದರ ಬಡ್ಡಿಯನ್ನು ಯಾರೂ ಕೊಡಲಿಲ್ಲ.

ಅಂದಿನಿಂದ ಹೊಸ ಆಫೀಸಿನ ಲೋಡು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಕೆಲವು ಮಾತು ವಿಚಾರಿಸುತ್ತೇವೆ. ನಿಮಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲನೆಯದು, ಆಫೀಸಿಗೆ ಒಂದು ನೆಲೆ ಇದೆಯೇ? ಬೋರ್ಡು, ವಿಳಾಸ, ರಶೀದಿ ಪುಸ್ತಕ ಇರಬೇಕು. ಬರೀ ಒಂದು ಮೊಬೈಲ್ ನಂಬರ್ ಆಫೀಸಲ್ಲ. 2007ರ ರಸ್ತೆ ಸರಕು ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸರಕು ಸಾಗಣೆಯನ್ನು ವ್ಯಾಪಾರವಾಗಿ ನಡೆಸುವವರು ನೋಂದಣಿ ಮಾಡಿಸಬೇಕು. ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರನ್ನೂ ಆ ಕಾಯ್ದೆ ಹೆಸರಿಸಿದೆ. ನೋಂದಣಿ ಹತ್ತು ವರ್ಷಕ್ಕೆ ಸಿಗುತ್ತದೆ. ಆ ಪತ್ರವಿದೆಯೇ ಎಂದು ಕೇಳುವುದು ಅವಮಾನದ ಮಾತಲ್ಲ. ಸರಿಯಾದವರು ತೋರಿಸುತ್ತಾರೆ. ಈಗ ಮೊಬೈಲ್ ಆಪ್‌ಗಳಲ್ಲೂ ಲೋಡು ಸಿಗುತ್ತದೆ. ಆದರೆ ಆಪ್ ತೋರಿಸುವುದು ಲೋಡನ್ನು ಮಾತ್ರ. ಅದರ ಹಿಂದೆ ಬಾಕಿ ಕೊಡುವವರು ಯಾರೆಂದು ಅಲ್ಲಿಯೂ ವಿಚಾರಿಸಲೇಬೇಕು.

ಎರಡನೆಯದು, ಮಾತಾದದ್ದು ಕಾಗದದ ಮೇಲೆ ಬಂತೇ? ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು ದಿನದಲ್ಲಿ, ಹಮಾಲಿ ಯಾರದು, ಇಳಿಸುವಲ್ಲಿ ತಡವಾದರೆ ದಿನಕ್ಕೆ ಹಾಲ್ಟಿಂಗ್ ಎಷ್ಟು, ಸರಕು ಕಡಿಮೆ ಬಂದರೆ ಹೇಗೆ ಹಿಡಿಯುತ್ತಾರೆ. ಇಷ್ಟೂ ಚೀಟಿಯಲ್ಲಿರಲಿ. ಚೀಟಿ ಕೊಡದಿದ್ದರೆ ಅವರ ನಂಬರ್‌ನಿಂದ ಒಂದು ಮೆಸೇಜ್ ಆದರೂ ಬರಲಿ. ಹೇರುವಾಗ ಚಾಲಕನೇ ನಿಂತು ಎಣಿಸಬೇಕು. ಲಾರಿಯ ವಿಮೆ ಒಳಗಿನ ಸರಕಿಗೆ ಅನ್ವಯಿಸುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸರಕಿಗೆ ಬೇರೆ ವಿಮೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮೂರನೆಯದು, ಆ ಆಫೀಸಿನ ಬಗ್ಗೆ ಬೇರೆ ಚಾಲಕರು ಏನನ್ನುತ್ತಾರೆ? ಢಾಬಾದಲ್ಲಿ, ಲೋಡಿಂಗ್ ಜಾಗದಲ್ಲಿ ನಾಲ್ಕು ಜನರನ್ನು ಕೇಳಿದರೆ ಸಾಕು. "ಲೋಡು ಕೊಡ್ತಾರಾ?" ಎಂದಲ್ಲ, "ಬಾಕಿ ಎಷ್ಟು ದಿನಕ್ಕೆ ಬಂತು ಭಾಯಿ?" ಎಂದು ಕೇಳಬೇಕು.

ನಾಲ್ಕನೆಯದು, ತೂಕ ಎಷ್ಟು ಹೇರುತ್ತಾರೆ? ಇನ್ನೆರಡು ಟನ್ ಹಾಕಿಕೊಳ್ಳಿ, ಯಾರೂ ಹಿಡಿಯುವುದಿಲ್ಲ ಎನ್ನುವವರನ್ನು ನಂಬಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೆಚ್ಚಿನ ಭಾರಕ್ಕೆ ಇಪ್ಪತ್ತು ಸಾವಿರ ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ ಎರಡು ಸಾವಿರ ಎಂದು ಗೊತ್ತುಮಾಡಿದೆ. ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವುದು ಲಾರಿ, ಬ್ರೋಕರ್ ಅಲ್ಲ. ಬ್ರೇಕು ಹಿಡಿಯದೆ ಹೋದರೆ ಹೋಗುವ ಜೀವ ನಮ್ಮ ಮನೆಯದು.

ಐದನೆಯದು, ಕಾಗದಪತ್ರ ಸರಿಯಿದೆಯೇ? ಟೊಮೆಟೊದಂಥ ತಾಜಾ ತರಕಾರಿಗೆ ಇ-ವೇ ಬಿಲ್ ಬೇಕಿಲ್ಲ. ಆದರೆ ತೆರಿಗೆ ಇರುವ ಸರಕಿನ ಬೆಲೆ ಐವತ್ತು ಸಾವಿರ ದಾಟಿದರೆ, ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು 2018ರ ಏಪ್ರಿಲ್‌ನಿಂದ ಅದು ಬೇಕು. ಅದರಲ್ಲಿ ಲಾರಿಯ ನಂಬರ್ ಸರಿಯಾಗಿ ಇರಬೇಕು. ಇಲ್ಲದಿದ್ದರೆ ಸರಕಿನ ಜೊತೆ ಲಾರಿಯನ್ನೂ ತಡೆದು ನಿಲ್ಲಿಸುತ್ತಾರೆ.

ಕೊನೆಯದು, ಲೋಡು ಕೊಡಲು ನಿಮ್ಮಿಂದಲೇ ಹಣ ಕೇಳುತ್ತಾರೆಯೇ? ಗೇಟ್‌ಪಾಸ್, ಡಿಪಾಸಿಟ್ ಎಂದು ಹೇಳಿ ಮೊದಲು ಫೋನ್‌ನಲ್ಲಿ ಹಣ ಹಾಕಿಸಿಕೊಳ್ಳುವ ಮೋಸಗಾರರಿದ್ದಾರೆ. ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು ಮನೆ ಸಾಮಾನು ಸಾಗಿಸಬೇಕೆಂದು ಫೋನ್ ಮಾಡಿ, ಕ್ಯೂಆರ್ ಕೋಡ್ ಕಳಿಸುವವರೂ ಇದ್ದಾರೆ. ಹಣ ಪಡೆಯಲು ನಾವು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ನೆನಪಿಡಿ. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟ.

ನಂಬಿಕೆ ಒಂದು ಕಡೆಯದಲ್ಲ, ಅದನ್ನೂ ಹೇಳಬೇಕು. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಆಕಾಶಕ್ಕೇರಿದ್ದಾಗ, ಕೋಲಾರದಿಂದ ಜೈಪುರಕ್ಕೆ ಹೊರಟ ಸುಮಾರು 21 ಲಕ್ಷ ರೂಪಾಯಿ ಬೆಲೆಯ ಟೊಮೆಟೊ ಲಾರಿ ಅಲ್ಲಿ ತಲುಪಲೇ ಇಲ್ಲವೆಂದು ಪೊಲೀಸರಿಗೆ ದೂರು ಹೋಯಿತು. ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಇಂಥ ಒಂದು ಸುದ್ದಿಯಿಂದ ನಿಯತ್ತಿನಿಂದ ದುಡಿಯುವ ಸಾವಿರ ಚಾಲಕರ ಮುಖಕ್ಕೂ ಮಸಿ ಬೀಳುತ್ತದೆ. ಆದ್ದರಿಂದ ಆಫೀಸಿನವರು ನಮ್ಮ ಲೈಸೆನ್ಸ್, ಆರ್.ಸಿ., ವಿಮೆ ನೋಡುವುದು ನ್ಯಾಯವೇ. ಅದೇ ನ್ಯಾಯದಿಂದ ನಾವೂ ಅವರ ಕಾಗದ ಕೇಳಬಹುದು.

ಕೆಲವರು ಹೇಳುತ್ತಾರೆ, "ನಮ್ಮವರೇ ತಾನೇ, ಬರೆಸಿಕೊಂಡರೆ ಏನೆಂದುಕೊಂಡಾರು?" ಎಂದು. ಸಹೋದರಿ, ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ವಚನ ಯಾವುದರ ಬಗ್ಗೆ ಇದೆ ಗೊತ್ತೇ? ಅಲ್‌ಬಕರ ಅಧ್ಯಾಯದ 282ನೇ ವಚನವದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಪಡಬಾರದು ಎಂದು ಅದು ಕಲಿಸುತ್ತದೆ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರಕ್ಕೆ ಅದರಲ್ಲಿ ವಿನಾಯಿತಿಯಿದೆ. ಆದರೆ ನಾಳೆ ಕೊಡುತ್ತೇನೆಂದು ಉಳಿಸಿಕೊಂಡ ಬಾಡಿಗೆ ನಗದಲ್ಲ, ಅದು ಸಾಲ. ಹಾಗಾಗಿ ಬರೆಸಿಕೊಳ್ಳುವುದು ಅಪನಂಬಿಕೆಯ ಗುರುತಲ್ಲ. ಮುಂದೆ ಮನಸ್ತಾಪ ಬಾರದಂತೆ ಮಾಡಿಕೊಳ್ಳುವ ಏರ್ಪಾಡು.

ಇದರಲ್ಲಿ ನಮ್ಮ ಪಾಲಿನ ಕೆಲಸ ದೊಡ್ಡದೇನಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಆಫೀಸಿನ ಹೆಸರು, ಊರು, ಬಾಡಿಗೆ, ಅಡ್ವಾನ್ಸ್, ಬಾಕಿ, ಬಾಕಿ ಬಂದ ದಿನ ಎಂದು ಗೆರೆ ಎಳೆಯಿರಿ. ಮನೆಯವರು ಹೇರುವಾಗ ಒಂದು ಫೋಟೋ, ಇಳಿಸಿ ಮೊಹರು ಬಿದ್ದ ರಶೀದಿಯ ಒಂದು ಫೋಟೋ ಕಳಿಸಲಿ. ಅಸಲು ರಶೀದಿ ಕಳಿಸಿದ ಕೊರಿಯರ್ ಚೀಟಿಯನ್ನು ಅದೇ ಪುಸ್ತಕಕ್ಕೆ ಅಂಟಿಸಿ. ಆರು ತಿಂಗಳು ಹೀಗೆ ಬರೆದರೆ ಯಾವ ಆಫೀಸು ಹೇಳಿದ ದಿನಕ್ಕೆ ಕೊಡುತ್ತದೆ, ಯಾವುದು ಸತಾಯಿಸುತ್ತದೆ ಎಂದು ನಿಮಗೇ ಕಾಣುತ್ತದೆ. ಮುಂದಿನ ಲೋಡಿಗೆ ಫೋನ್ ಬಂದಾಗ ಮನೆಯವರು ನಿಮ್ಮನ್ನು ಕೇಳಿಯೇ ಒಪ್ಪುತ್ತಾರೆ. ನಮ್ಮಲ್ಲಿ ಈಗ ಹಾಗೆಯೇ ನಡೆಯುತ್ತಿದೆ.

ಅಷ್ಟಾದರೂ ಬಾಕಿ ಸಿಕ್ಕಿಕೊಂಡರೆ ಹೆದರಬೇಡಿ. ಪ್ರತಿ ಜಿಲ್ಲೆಯಂತೆ ಕೋಲಾರದಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಎಷ್ಟೋ ಮನೆಗಳಲ್ಲಿ ಲಾರಿ ಹೆಂಡತಿಯ ಹೆಸರಿನಲ್ಲಿದೆ. ಹಾಗಿದ್ದರೆ ಬಾಡಿಗೆ ಕೇಳುವ ಹಕ್ಕೂ ನಿಮ್ಮದೇ. ಕೋರ್ಟಿಗೆ ಹೋಗುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿ ಮುಗಿಸಿಕೊಳ್ಳುವ ದಾರಿಯೂ ಇದೆ. ಆದರೆ ಅಲ್ಲಿ ಮೊದಲು ಕೇಳುವುದು ಕಾಗದವನ್ನೇ.

ವಾರಗಟ್ಟಲೆ ನಿದ್ದೆಗೆಟ್ಟು, ಸ್ಟೇರಿಂಗ್ ಹಿಡಿದು ದುಡಿದ ಹಣವದು. ಅದು ಹಲಾಲಾದ ದುಡಿಮೆ. ಇಂದೇ ಒಂದು ನೋಟ್‌ಬುಕ್ ತೆಗೆದು ಈ ತಿಂಗಳ ಬಾಕಿಗಳನ್ನು ಬರೆಯಲು ಕುಳಿತುಕೊಳ್ಳಿ.